ಶಿರಕಾವಾ-ಗೋ: ಹುಲ್ಲುಮಾಡಿನ ಹಳ್ಳಿಯಲ್ಲಿ ವಸತಿ, ಊಟದ ವಿವರ

ಜಪಾನಿನ ಗಿಫು ಪ್ರಾಂತ್ಯದ ಶಿರಕಾವಾ-ಗೋ ನೋಡಲು ಹೊರಟ ಕನ್ನಡಿಗ ಮಿತ್ರರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ: ಉಳಿಯೋದೆಲ್ಲಿ, ಊಟಕ್ಕೇನು?

ಕೈಮುಗಿದಂತೆ ಕಾಣುವ ಕಡಿದಾದ ಹುಲ್ಲುಮಾಡಿನ ಇಲ್ಲಿನ ಮನೆಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳಲ್ಲಿ ಕೆಲವು 'ಮಿನ್‌ಶುಕು', ಅಂದರೆ ಮನೆಯವರೇ ನಡೆಸುವ ವಸತಿ. ಚಾಪೆ ಹಾಸಿದ ಕೋಣೆ, ನೆಲದ ಮೇಲೆ ಹಾಸಿಗೆ, ಬಚ್ಚಲು ಸಾಮಾನ್ಯವಾಗಿ ಎಲ್ಲರಿಗೂ ಸೇರಿ. ಬಾಗಿಲುಗಳು ತೆಳು, ಪಕ್ಕದ ಕೋಣೆಯ ಗೊರಕೆಯೂ ಕೇಳೀತು! ಆದರೂ ಪ್ರವಾಸಿ ಬಸ್ಸುಗಳೆಲ್ಲ ಹೊರಟ ಮೇಲಿನ ಸಂಜೆಗಾಗಿಯೇ ಇಲ್ಲಿ ಉಳಿಯಬೇಕು ಎನ್ನುವುದು ನಮ್ಮ ಅಭಿಪ್ರಾಯ.

ದರ ತಲಾ ಲೆಕ್ಕ, ಸಾಮಾನ್ಯವಾಗಿ ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿ. ಸಸ್ಯಾಹಾರಿಗಳಿಗೆ ಕಷ್ಟ ಇಲ್ಲೇ. 'ಮಾಂಸ ಬೇಡ' ಎಂದರೆ ಸಾಲದು. ತರಕಾರಿ ಬೇಯಿಸುವ 'ದಾಶಿ' ನೀರೇ ಹೆಚ್ಚಾಗಿ ಒಣಮೀನಿನದು. ಕಾದಿರಿಸುವಾಗಲೇ ಹೀಗೆ ತಿಳಿಸಿ: "ನಿಕು ಮೊ, ಸಕನಾ ಮೊ, ಸಕನಾ ನೊ ದಾಶಿ ಮೊ ತಬೆರಾರೆಮಾಸೆನ್." ಆಗುವುದಿಲ್ಲ ಎಂದರೆ ಒತ್ತಾಯ ಬೇಡ, ಅಡುಗೆಮನೆ ಚಿಕ್ಕದು.

ಆಗ ಬಸ್ಸಿನಲ್ಲಿ ಸುಮಾರು 50 ನಿಮಿಷ ದೂರದ ತಕಾಯಾಮಾ ವಾಸಿ. ಸ್ಟೇಷನ್ ಬಳಿಯ ಹೋಟೆಲುಗಳಲ್ಲಿ ಊಟವಿಲ್ಲದೆಯೂ ಕೋಣೆ ಸಿಗುತ್ತದೆ. ಬಿಸಿನೀರು ಹಾಕಿದರಾಗುವ ಉಪ್ಪಿಟ್ಟಿನ ಪೊಟ್ಟಣ ಜೊತೆಗಿರಲಿ.

ಇನ್ನೂ ಶಾಂತಿ ಬೇಕೇ? ತೊಯಾಮಾ ಪ್ರಾಂತ್ಯದ ಗೊಕಾಯಾಮಾದ ಐನೊಕುರಾ ಹಳ್ಳಿಯಲ್ಲೂ ಇಂಥ ಮನೆಗಳಿವೆ. ಅದೂ ಅದೇ ಪರಂಪರೆಯ ಭಾಗ.

ಹುಲ್ಲಿನ ಮಾಡುಗಳಾದ್ದರಿಂದ ಬೆಂಕಿಯ ನಿಯಮ ಬಿಗಿ. ಸಿಗರೇಟು ಸೇದಲು ಗೊತ್ತುಮಾಡಿದ ಜಾಗ ಮಾತ್ರ, ಪಟಾಕಿಯಂತೂ ಬೇಡವೇ ಬೇಡ.