ಸಾವಿರ ಡಾಲರಿನ ಗಡಿ ದಾಟಿ ಬಂದ ಕ್ಯಾಮೆರಾ

2003ರ ಆಗಸ್ಟ್‌ನಲ್ಲಿ ಕ್ಯಾನನ್ ಕಂಪನಿ ಇಒಎಸ್ 300ಡಿ ಎಂಬ ಕ್ಯಾಮೆರಾ ಹೊರತಂದಿತು. ಅಮೆರಿಕದಲ್ಲಿ ಅದರ ಹೆಸರು ಡಿಜಿಟಲ್ ರೆಬೆಲ್, ಜಪಾನಿನಲ್ಲಿ ಕಿಸ್ ಡಿಜಿಟಲ್. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಮೈ, ಆರು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚಿನ ಸೆನ್ಸರ್. ನೋಡಲು ಅಂಥ ಚೆಲುವೆಯೇನಲ್ಲ. ಸುದ್ದಿಯಾದದ್ದು ಬೆಲೆ: ಬಾಡಿಗೆ 899 ಡಾಲರ್, 18-55 ಲೆನ್ಸ್ ಸೇರಿದರೆ 999.

ಇದು ಎಂಥ ಜಿಗಿತ ಎಂದು ತಿಳಿಯಬೇಕಾದರೆ ಹಿಂದಿನ ಲೆಕ್ಕ ನೋಡಬೇಕು. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಬಾಡಿಗೆ ಡಿಜಿಟಲ್ ಸೆನ್ಸರ್ ಜೋಡಿಸಿ ಮಾರಿದ ಡಿಸಿಎಸ್‌ಗೆ ಸುಮಾರು 20 ಸಾವಿರ ಡಾಲರ್. ಚಿತ್ರ ಉಳಿಸಲು ಹೆಗಲಿಗೆ ಬೇರೆ ಪೆಟ್ಟಿಗೆ ತಗುಲಿಸಿಕೊಳ್ಳಬೇಕಿತ್ತು. 1999ರ ನಿಕಾನ್ ಡಿ1 ಐದು ಸಾವಿರ ಡಾಲರ್ ದಾಟಿತ್ತು. ಅದು ಪತ್ರಿಕಾ ಕಚೇರಿಗಳ ಸೊತ್ತು. 300ಡಿಗಿಂತ ಕೆಲವೇ ತಿಂಗಳು ಮೊದಲು ಬಂದ ಕ್ಯಾನನ್ 10ಡಿಗೆ 1,500 ಡಾಲರ್.

ಸ್ವಾರಸ್ಯವೆಂದರೆ 10ಡಿಯ ಸೆನ್ಸರೇ 300ಡಿಯೊಳಗೂ ಇತ್ತು. ಲೋಹದ ಮೈ ಹೋಗಿ ಪ್ಲಾಸ್ಟಿಕ್ ಬಂತು, ವ್ಯೂಫೈಂಡರಿನ ಗಾಜಿನ ಪಟ್ಟಕದ ಜಾಗದಲ್ಲಿ ಹಗುರ ಕನ್ನಡಿಗಳು ಬಂದವು. ಮಿಕ್ಕ ಕೆಲವು ಸೌಲಭ್ಯಗಳನ್ನು ಫರ್ಮ್‌ವೇರ್‌ನಲ್ಲೇ ಮುಚ್ಚಿಡಲಾಗಿತ್ತು. ಉತ್ಸಾಹಿಗಳು ಫರ್ಮ್‌ವೇರ್ ತಿದ್ದಿ ಅವುಗಳಲ್ಲಿ ಕೆಲವನ್ನು ಎಬ್ಬಿಸಿಯೂ ಬಿಟ್ಟರು. ಕಂಪನಿ ಮಾರುತ್ತಿದ್ದುದು ಯಂತ್ರವನ್ನಷ್ಟೇ ಅಲ್ಲ, ದರ್ಜೆಯನ್ನೂ ಹೌದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಕಾನ್ ಸುಮ್ಮನಿರಲಿಲ್ಲ. 2004ರ ಆರಂಭದಲ್ಲಿ 999 ಡಾಲರಿನ ಡಿ70, 2006ರ ಕೊನೆಗೆ ಲೆನ್ಸ್ ಸಮೇತ 600 ಡಾಲರಿನ ಡಿ40. ಮೂರೇ ವರ್ಷದಲ್ಲಿ ಪ್ರವೇಶದರ್ಜೆಯ ಬೆಲೆ ಸಾವಿರದಿಂದ ಆರುನೂರಕ್ಕೆ ಇಳಿದಿತ್ತು. 300ಡಿ ಕೊಂಡವರ ಎದೆ ಇಲ್ಲಿ ಧಸಕ್ಕೆಂದಿರಬೇಕು. ಅಂಗಡಿಯಲ್ಲಿ ಹೊಸದೇ ಆ ಬೆಲೆಗೆ ಸಿಗುವಾಗ ಹಳೆಯದನ್ನು ಯಾರು ಕೇಳುತ್ತಾರೆ?

ಫಿಲ್ಮ್ ಕಾಲದಲ್ಲಿ ಹೀಗಿರಲಿಲ್ಲ. ಒಳ್ಳೆಯ ಹೊಸ ಫಿಲ್ಮ್ ಬಂದರೆ ಇಪ್ಪತ್ತು ವರ್ಷದ ಕ್ಯಾಮೆರಾವೂ ಅದರ ಲಾಭ ಪಡೆಯುತ್ತಿತ್ತು, ರೋಲ್ ಬದಲಿಸಿದರಾಯಿತು. ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗದ ಸೆನ್ಸರು ಬಾಡಿಗೇ ಅಂಟಿಕೊಂಡಿದೆ. ಹೊಸ ಸೆನ್ಸರ್ ಬೇಕಾದರೆ ಹೊಸ ಕ್ಯಾಮೆರಾವನ್ನೇ ಕೊಳ್ಳಬೇಕು. ಹಾಗಾಗಿ ಕ್ಯಾಮೆರಾ ಕೈಗಡಿಯಾರದ ಸಾಲಿನಿಂದ ಎದ್ದು ಕಂಪ್ಯೂಟರಿನ ಸಾಲಿನಲ್ಲಿ ಕೂತಿತು. 300ಡಿ ತೆಗೆಯುವ ಚಿತ್ರ ಮೊದಲ ದಿನಕ್ಕಿಂತ ಒಂದು ಕೂದಲೆಳೆಯೂ ಕೆಡಲಿಲ್ಲ, ಆದರೂ ಅದರ ಬೆಲೆ ಕರಗಿತು. ಮದುವೆ, ನಾಮಕರಣಗಳ ಫೋಟೊ ತೆಗೆದು ಬದುಕುವ ಸಣ್ಣ ಸ್ಟುಡಿಯೋದವನಿಗೆ ಇದು ಬರಿಯ ತತ್ತ್ವವಲ್ಲ. ಸಾಲ ಮಾಡಿ ತಂದ ಬಾಡಿ ಕಂತು ತೀರುವ ಮೊದಲೇ ಅರ್ಧ ಬೆಲೆಗೆ ಬಂದರೆ, ಮುಂದಿನದನ್ನು ಕೊಳ್ಳಲು ಕೈಯಲ್ಲಿ ಉಳಿಯುವುದೇನು?

ಆದ್ದರಿಂದಲೇ ದೆಹಲಿಯ ಚಾಂದನಿ ಚೌಕದಲ್ಲಾಗಲಿ ಮುಂಬಯಿಯ ಬೋರಾ ಬಜಾರಿನಲ್ಲಾಗಲಿ ಹಳೆಯ ಕ್ಯಾಮೆರಾ ಮಾರಲು ಹೋದರೆ ಶಟರ್ ಎಷ್ಟು ಸಲ ಬಡಿದಿದೆ ಎಂಬ ಪ್ರಶ್ನೆ ಎದುರಾಗಬಹುದು. ಶಟರ್ ಸವೆಯುವ ಯಂತ್ರಭಾಗ. ಸೆನ್ಸರಿನ ಮೇಲೆ ಫಂಗಸ್ ಇದೆಯೇ, ಬ್ಯಾಟರಿ ಚಾರ್ಜ್ ಹಿಡಿಯುತ್ತದೆಯೇ ಎಂಬುದು ಆಮೇಲೆ. ಕರಾವಳಿಯ ತೇವದಲ್ಲಿ ಫಂಗಸಿನ ಪ್ರಶ್ನೆಗೆ ತೂಕ ಹೆಚ್ಚು.

ಕೊನೆಯ ಪೆಟ್ಟು ಬಂದದ್ದು ಮೊಬೈಲಿನಿಂದ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷವೂ ಇಲ್ಲ. 2018ರ ಡಿ3500ರ ನಂತರ ನಿಕಾನ್ ಪ್ರವೇಶದರ್ಜೆಯ ಡಿಎಸ್‌ಎಲ್‌ಆರ್ ತರಲೇ ಇಲ್ಲ.

ಈ ಕುಸಿತದಲ್ಲಿ ಬೆಲೆ ಬಿಡದೆ ನಿಂತದ್ದು ಲೆನ್ಸ್. ಎಲ್ಲವೂ ಅಲ್ಲ: 300ಡಿ ಜೊತೆ ಬಂದ 18-55 ಬಾಡಿಯೊಂದಿಗೇ ಮುಳುಗಿತು. ಕ್ಯಾನನ್ನಿನ ಇಎಫ್ ಮೌಂಟ್ 1987ರದು, ಆಗ ಡಿಜಿಟಲ್ಲಿನ ಸುಳಿವೂ ಪೇಟೆಯಲ್ಲಿರಲಿಲ್ಲ. 1990ರಲ್ಲಿ ಬಂದ 50 ಎಂಎಂ ಎಫ್1.8ರ ಎರಡನೆಯ ಆವೃತ್ತಿ, ಪ್ಲಾಸ್ಟಿಕ್ಕಿನ ಅಗ್ಗದ ಲೆನ್ಸ್, 2015ರಲ್ಲಿ ಉತ್ತರಾಧಿಕಾರಿ ಬರುವವರೆಗೂ ಕ್ಯಾನನ್ನಿನ ಪಟ್ಟಿಯಲ್ಲಿತ್ತು. ಇವತ್ತು ಯಾರಾದರೂ ಎರಡನ್ನೂ ಒಂದೇ ಚೀಲದಲ್ಲಿ ಮಾರಲು ತಂದರೆ, ಅಂಗಡಿಯವ ಮೊದಲು ಬಿಚ್ಚಿ ನೋಡುವುದು ಆ ಲೆನ್ಸನ್ನೇ.