ಹಳಿ ಕಿತ್ತ ಮೇಲೆ ಉಳಿದ ದಾರಿ

ರೈಲು ದಾರಿಯ ಏರನ್ನು ನಾವು ಅಂಕಿಯಲ್ಲಿ ಹೇಳುತ್ತೇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಲೈನಿನಲ್ಲಿ ಅದು 50ಕ್ಕೆ 1. ಐವತ್ತು ಅಡಿ ಸಾಗಿದರೆ ಒಂದಡಿ ಏರು. ಹಳಿ ನೋಡಿಕೊಳ್ಳುವ ವಿಭಾಗದಲ್ಲೇ ದುಡಿದು ನಿವೃತ್ತನಾದ ನನಗೆ ಈ ಲೆಕ್ಕ ಬಾಯಿಪಾಠ. ಆದರೆ ಟ್ರಾಲಿಯ ಮೇಲೆ ಕೂತವನಿಗೆ ಏರಿನ ಭಾರ ತಿಳಿಯುವುದಿಲ್ಲ, ಹಿಂದಿನಿಂದ ತಳ್ಳುವವನಿಗೆ ತಿಳಿಯುತ್ತದೆ. ನನ್ನ ಕಾಲುಗಳಿಗೆ ಅದು ತಿಳಿದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮಗಳ ಮನೆಗೆ ಹೋದವನು ಅಳಿಯನ ಜೊತೆ ಸೈಕಲ್ ಬಾಡಿಗೆಗೆ ಹಿಡಿದು, ರೈಲು ಓಡದ ಒಂದು ರೈಲು ದಾರಿಯಲ್ಲಿ ತುಳಿದೆ.

ಗ್ರೇಟ್ ಅಲೆಗೆನಿ ಪ್ಯಾಸೇಜ್ ಎಂದು ಅದರ ಹೆಸರು. ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್‌ವರೆಗೆ 150 ಮೈಲಿ. ಹಳಿಯೂ ಇಲ್ಲ, ಸ್ಲೀಪರೂ ಇಲ್ಲ. ಹೆಚ್ಚಿನ ಕಡೆ ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ ನೆಲ. ಆದರೂ ತಿರುವುಗಳನ್ನು ನೋಡಿದರೆ ಸಾಕು, ಇದು ರೈಲಿಗಾಗಿ ಕಡಿದ ದಾರಿ ಎಂದು ನಮ್ಮ ಗ್ಯಾಂಗಿನ ಯಾರೇ ಆದರೂ ಹೇಳಿಬಿಡುತ್ತಾರೆ. ರಸ್ತೆಯಾದರೆ ಗುಡ್ಡ ಹತ್ತಿ ಇಳಿಯುತ್ತದೆ. ರೈಲು ಗುಡ್ಡವನ್ನು ಬಳಸಿ ಹೋಗುತ್ತದೆ, ಇಲ್ಲ ಸೀಳಿಕೊಂಡು ಹೋಗುತ್ತದೆ.

ಈ ಕಣಿವೆಗೆ ರೈಲು ಬಂದದ್ದೇ ಕಲ್ಲಿದ್ದಲಿಗಾಗಿ. ಕಾನೆಲ್ಸ್‌ವಿಲ್ ಸುತ್ತಲಿನ ಗೂಡೊಲೆಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುತ್ತಿದ್ದರು, ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳು ಅದರ ಮೇಲೆ ಉರಿಯುತ್ತಿದ್ದವು. ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿಯ ಲೈನು 1871ರಲ್ಲೇ ನದಿದಂಡೆಯ ಅನುಕೂಲದ ಜಾಗ ಹಿಡಿದಿತ್ತು. 1910ರಿಂದ 1912ರೊಳಗೆ ಪೈಪೋಟಿಗೆ ಬಂದ ವೆಸ್ಟರ್ನ್ ಮೇರಿಲ್ಯಾಂಡ್ ಕಂಪನಿಗೆ ಉಳಿದದ್ದು ಕಷ್ಟದ ನೆಲ. ಅದಕ್ಕೇ ಅಷ್ಟು ಸೇತುವೆ, ಅಷ್ಟು ಸುರಂಗ. ಮೇಯರ್ಸ್‌ಡೇಲ್ ಬಳಿಯ ಸಾಲ್ಸ್‌ಬರಿ ವಯಾಡಕ್ಟ್ 1,908 ಅಡಿ ಉದ್ದ. ಅದರ ಮೇಲೆ ನಿಂತರೆ ಕೆಳಗೆ ನದಿ, ಹೆದ್ದಾರಿ, ಹಳೆಯ ಪ್ರತಿಸ್ಪರ್ಧಿಯ ಹಳಿ, ಮೂರೂ ಒಟ್ಟಿಗೆ ಕಾಣುತ್ತವೆ. ಆ ಹಳಿಯಲ್ಲಿ ಈಗಲೂ ಗೂಡ್ಸ್ ಓಡುತ್ತದೆ.

ಪಶ್ಚಿಮದ ಭಾಗ ಬೇರೆ ಕಂಪನಿಯದು, ಪಿಟ್ಸ್‌ಬರ್ಗ್ ಅಂಡ್ ಲೇಕ್ ಈರಿಯದು. ಅಲ್ಲಿ ಯಾಕಿಗೇನಿ ನದಿಯ ಪಕ್ಕದಲ್ಲಿ ನೆಲ ಸಮತಟ್ಟು, ನೆರಳು ದಟ್ಟ, ಮಾತಾಡುತ್ತ ತುಳಿಯಬಹುದು. ಆದರೆ ವ್ಯಾನ್ ಮೀಟರ್ ಎಂಬಲ್ಲಿ ಒಂದು ಫಲಕದ ಮುಂದೆ ನಾವು ಇಳಿದೆವು. 1907ರ ಡಿಸೆಂಬರ್ 19ರಂದು ಅಲ್ಲಿನ ಡಾರ್ ಗಣಿಯಲ್ಲಿ ಸ್ಫೋಟವಾಗಿ 239 ಗಂಡಸರು, ಹುಡುಗರು ಸತ್ತರು. ಹಲವರು ಹಂಗೇರಿಯಿಂದ ಬಂದವರು. ಆ ದಿನ ಹಳೆಯ ಪಂಚಾಂಗದ ಪ್ರಕಾರ ಸಂತ ನಿಕೋಲಾಸನ ಹಬ್ಬ. ಪೂರ್ವದ ಕ್ರೈಸ್ತ ಸಂಪ್ರದಾಯದ ಎಷ್ಟೋ ಕೂಲಿಗಳು ಗಣಿಗಿಳಿಯದೆ ಚರ್ಚಿಗೆ ಹೋಗಿ ಬದುಕಿಕೊಂಡರು. ಸೈಕಲ್ ದಾರಿ ಎಂದರೆ ಹಸಿರು, ನೀರು, ಹಕ್ಕಿ ಎಂದಷ್ಟೇ ಬರೆಯುವುದು ನನಗೆ ಒಗ್ಗುವುದಿಲ್ಲ. ಈ ನೆಲ ಅವರ ದುಡಿಮೆಯಿಂದ ಸಮವಾದದ್ದು.

1970ರ ದಶಕದಲ್ಲಿ ಎರಡೂ ಪ್ರತಿಸ್ಪರ್ಧಿ ಕಂಪನಿಗಳು ಚೆಸ್ಸಿ ಸಿಸ್ಟಮ್ ಎಂಬ ಒಂದೇ ಸಂಸ್ಥೆಯ ಕೆಳಗೆ ಬಂದವು. ಒಂದೇ ಕಣಿವೆಗೆ ಎರಡು ಲೈನು ಯಾಕೆ? 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ಲೈನು ನಿಂತಿತು.

ನಿಜವಾದ ಕಥೆ ಇಲ್ಲಿಂದ ಶುರುವಾಗುತ್ತದೆ ಎಂದು ನನ್ನ ಎಣಿಕೆ. ಹಳಿ ಹೋದರೆ ಮತ್ತೆ ಹಾಸಬಹುದು. ನೆಲ ತುಂಡಾದರೆ ಜೋಡಿಸುವವರಿಲ್ಲ. ಅಮೆರಿಕದಲ್ಲಿ ಎಷ್ಟೋ ಕಡೆ ರೈಲು ಕಂಪನಿಗಿದ್ದದ್ದು ಲೈನು ಓಡಿಸುವ ಹಕ್ಕು ಮಾತ್ರ. ರೈಲು ನಿಂತ ಕೂಡಲೇ ಅಕ್ಕಪಕ್ಕದ ಜಮೀನಿನವರು ತಮ್ಮ ಪಾಲು ಕೇಳುತ್ತಿದ್ದರು. 1983ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿತು: ಮುಂದೆ ರೈಲಿಗೆ ಬೇಕಾದರೆ ಮರಳಿಸುವ ಷರತ್ತಿನ ಮೇಲೆ ದಾರಿಯನ್ನು ನಡೆಯುವವರಿಗೆ, ಸೈಕಲಿನವರಿಗೆ ಬಿಟ್ಟುಕೊಡಬಹುದು, ಅಲ್ಲಿಯವರೆಗೆ ಲೈನು ರದ್ದಾಯಿತೆಂದು ಲೆಕ್ಕವಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರೈಲ್ವೆಯವನಾಗಿ ಹೇಳುತ್ತೇನೆ, ಇಷ್ಟು ದೂರ ನೋಡಿ ಬರೆದ ಕಾನೂನು ಅಪರೂಪ.

ಅಲೆಗೆನಿಯ ಜನ ಆ ಕಾನೂನಿಗೂ ಮೊದಲೇ ಎಚ್ಚೆತ್ತಿದ್ದರು. 1978ರಲ್ಲಿ ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿ ಎಂಬ ಸಂಸ್ಥೆ 27 ಮೈಲಿ ಹಾಸನ್ನು ಕೊಂಡುಕೊಂಡಿತು. 1986ರಲ್ಲಿ ಒಹಾಯೋಪೈಲ್ ಬಳಿ ಮೊದಲ ಒಂಬತ್ತು ಮೈಲಿ ಸೈಕಲಿಗೆ ತೆರೆಯಿತು. ಪಿಟ್ಸ್‌ಬರ್ಗ್ ಪಕ್ಕದ ಕೊನೆಯ ತುಂಡು ಕೂಡಿಕೊಂಡಾಗ 2013ರ ಜೂನ್ ಆಗಿತ್ತು. ಪಿಂಕರ್ಟನ್ ಸುರಂಗ ಕುಸಿಯುವಂತಿದ್ದುದರಿಂದ 2015ರವರೆಗೂ ಸೈಕಲಿನವರು ಗುಡ್ಡದ ಮೂತಿ ಬಳಸಿಯೇ ಹೋಗಬೇಕಿತ್ತು.

ಕಾನ್‌ಫ್ಲುಯೆನ್ಸ್ ದಾಟಿದ ಮೇಲೆ ತೊಡೆಗಳು ಲೆಕ್ಕ ಹೇಳತೊಡಗಿದವು. ಕಣ್ಣಿಗೆ ಏರು ಕಾಣುವುದಿಲ್ಲ, ಕಾಲಿಗೆ ಬಿಡುವಿಲ್ಲ. ನಮ್ಮ ಘಟ್ಟದಲ್ಲಿ ಗೂಡ್ಸಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಚ್ಚುವುದು ಯಾಕೆಂದು ಅಳಿಯನಿಗೆ ವಿವರಿಸಬೇಕೆಂದಿದ್ದೆ, ಉಸಿರು ಸಾಲಲಿಲ್ಲ. ಡೀಲ್ ಎಂಬ ಊರಿನ ಬಳಿ 2,392 ಅಡಿ ಎತ್ತರದಲ್ಲಿ ಪೂರ್ವದ ಜಲವಿಭಜಕ ರೇಖೆ. ಇತ್ತ ಬಿದ್ದ ಮಳೆ ಮೆಕ್ಸಿಕೋ ಕೊಲ್ಲಿಗೆ, ಅತ್ತ ಬಿದ್ದದ್ದು ಅಟ್ಲಾಂಟಿಕ್‌ಗೆ.

ಅಲ್ಲಿಂದ ಮುಂದೆ ಬಿಗ್ ಸ್ಯಾವೇಜ್ ಸುರಂಗ, 3,294 ಅಡಿ. ಒಳಗೆ ದೀಪಗಳಿವೆ, ಬೇಸಿಗೆಯಲ್ಲೂ ತಣ್ಣಗೆ. ನಾನು ಸೈಕಲ್ ತಳ್ಳಿಕೊಂಡು ಗೋಡೆ ನೋಡುತ್ತ ನಡೆದೆ. ಸುರಂಗದ ಶತ್ರು ನೀರು. ಸಕಲೇಶಪುರದ 57 ಸುರಂಗಗಳ ಮಳೆಗಾಲ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಇಲ್ಲಿ ಒಸರಿದ ನೀರು ಹೆಪ್ಪುಗಟ್ಟಿ ಗೋಡೆಯನ್ನೇ ಒಡೆಯುತ್ತದೆ. ಅದಕ್ಕೇ ಚಳಿಗಾಲವಿಡೀ ಎರಡೂ ಬಾಯಿಗೆ ಬಾಗಿಲು ಹಾಕಿಡುತ್ತಾರೆ.

ಹೊರಬಂದರೆ ಕಂಬರ್‌ಲ್ಯಾಂಡ್‌ವರೆಗೆ ಇಳಿಜಾರು. ಸರಾಸರಿ 70ಕ್ಕೆ 1. ತುಳಿಯುವುದೇ ಬೇಡ, ಬ್ರೇಕ್ ಮೇಲೆ ಕೈ ಇದ್ದರೆ ಸಾಕು. ಊರಿನಲ್ಲಿ ಈ ದಾರಿ ಮುಗಿದಲ್ಲೇ ಇನ್ನೊಂದು ಶುರು: ವಾಷಿಂಗ್ಟನ್‌ವರೆಗೆ 184.5 ಮೈಲಿ, ಚೆಸಪೀಕ್ ಅಂಡ್ ಓಹಾಯೋ ಕಾಲುವೆಯ ಪಕ್ಕದಲ್ಲಿ ಹೇಸರಗತ್ತೆಗಳು ದೋಣಿ ಎಳೆದು ಸವೆಸಿದ ದಾರಿ. ಅದರ ಮೇಲೆ ಮೋಟಾರು ರಸ್ತೆ ಮಾಡಲು ಹೊರಟಿದ್ದಾಗ, 1954ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಯವರನ್ನು ಕರೆದುಕೊಂಡು ಅಷ್ಟುದ್ದವೂ ನಡೆದುಬಿಟ್ಟರು. ರಸ್ತೆ ಬರಲಿಲ್ಲ. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.