ಕುಲಾವಿ

ರಾಯಚೂರಿನಲ್ಲೂ ಚಳಿಗಾಲವೇ ಎಂದು ಬೆಂಗಳೂರಿನವರು ನಗುತ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕಾಯುವ ಊರಿಗೆ ಡಿಸೆಂಬರ್‌ನ 16 ಡಿಗ್ರಿಯೇ ಹಿಮಾಲಯ. ನಸುಕಿನಲ್ಲಿ ದೇವದುರ್ಗದ ಬಸ್ಸಿಗೆ ಕಾಯುವವರ ತಲೆ ನೋಡಬೇಕು: ಟವೆಲ್, ಮಫ್ಲರ್, ಮಂಕಿ ಕ್ಯಾಪ್. ಮೈಮೇಲೆ ಮಾತ್ರ ತೆಳ್ಳನೆಯ ಅಂಗಿ. ಥಂಡಿ ಹೊಗುವುದೇ ಕಿವಿಯಿಂದ ಎಂಬುದು ಇಲ್ಲಿಯ ವೈದ್ಯಶಾಸ್ತ್ರ. ಕಣ್ಣು ಮೂಗಷ್ಟೇ ಬಿಟ್ಟುಕೊಂಡು ಬಂದ ಹಿರಿಯರನ್ನು ಕಟ್ಟೆಯ ಮಂದಿ ಸುಮ್ಮನೆ ಬಿಡುವುದಿಲ್ಲ: "ಏನ್ ಕಾಕಾ, ಕುಲಾವಿ ಭಾಳ ಛಂದ ಕಾಣಕತ್ತದ, ತೊಟ್ಲ ಎಲ್ಲಿಟ್ಟೀರಿ?"

ಕುಲಾವಿ ಕೂಸಿನ ಟೊಪ್ಪಿಗೆ. ಖಣದ ತುಂಡು, ಜರಿಯ ಅಂಚು, ಮಣಿ, ತುದಿಗೊಂದು ಗೊಂಡೆ. ಬೆನ್ನ ಮೇಲೂ ಇಳಿಬಿಟ್ಟರೆ ಅದು ಕುಂಚಿಗಿ. ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವಾಗ ತೊಟ್ಟಿಲ ಜತೆ ಇವೂ ಹೋಗಬೇಕು. ಎಷ್ಟು ಕುಲಾವಿ ಬಂದವೆಂದು ಬೀಗರ ಓಣಿಯವರು ಎಣಿಸುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಈಗ ತೊಟ್ಟಿಲಲ್ಲಿ ಮಲಗಿರುವ ಈ ಶಬ್ದ ಒಂದು ಕಾಲಕ್ಕೆ ಸಿಂಹಾಸನದ ಮೇಲಿತ್ತು. ಪಾರಸಿಯ 'ಕುಲಾಹ್' ದಖ್ಖನಿಗೆ ಬಂದು ವಿಜಯನಗರದ ದರ್ಬಾರಿನಲ್ಲಿ 'ಕುಳ್ಳಾಯಿ' ಆಯಿತು. ಉದ್ದನೆಯ, ಜರತಾರಿಯ ಟೊಪ್ಪಿಗೆ. ತಿರುಮಲೆಯಲ್ಲಿ ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ತಲೆಯ ಮೇಲಿರುವುದು ಅದೇ. 1520ರಲ್ಲಿ ಅವನು ಆದಿಲಶಾಹನ ಸೈನ್ಯವನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಕೋಟೆಗಾಗಿ ಕಾದಾಡಿದ ಎರಡೂ ಕಡೆಯವರಿಗೆ ಟೊಪ್ಪಿಗೆಯ ವಿಷಯದಲ್ಲಿ ಜಗಳವಿರಲಿಲ್ಲ. ಅದರೊಡನೆ ಹೆಣಗಿದವನು ಅವರಿಗಿಂತ ಮುಂಚಿನ ತೆಲುಗಿನ ಶ್ರೀನಾಥ ಕವಿ. ಕನ್ನಡ ರಾಜನ ಆಸ್ಥಾನಕ್ಕೆ ಹೋದವನು ಕುಳ್ಳಾಯಿ ಹಾಕಿಕೊಳ್ಳಬೇಕಾಯಿತೆಂದು ಅವನ ಹೆಸರಿನ ಚಾಟು ಪದ್ಯವೊಂದು ಗೊಣಗುತ್ತದೆ. ಪಾಪ, ಸೆಕೆಯಾಗಿರಬೇಕು.

ರಾಜರು ಹೋದ ಮೇಲೆ ಶಬ್ದ ಕೂಸಿನ ಪಾಲಾಯಿತು, ಕೂಸಿನಿಂದ ಗಾದೆಗೆ ಹೋಯಿತು: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಕುಲಾವಿಯನ್ನು ಕಣ್ಣಾರೆ ಕಾಣದ ಮೈಸೂರು ಸೀಮೆಯವರೂ ಈ ಗಾದೆ ಹೇಳುತ್ತಾರೆ. ಏಮ್ಸ್ ಆಸ್ಪತ್ರೆ ಬೇಕೆಂದು 2022ರಲ್ಲಿ ಧರಣಿ ಕುಳಿತ ರಾಯಚೂರಿನಲ್ಲಂತೂ ಈ ಗಾದೆಗೆ ಕೆಲಸ ತಪ್ಪಿಲ್ಲ. 'ಟೋಪಿ' ಇಷ್ಟು ಅದೃಷ್ಟವಂತ ಶಬ್ದವಲ್ಲ. 'ಹಾಕು' ಸೇರಿದ್ದೇ ತಡ, ಮೋಸವಾಗುತ್ತದೆ. ಕುಲಾವಿ ಹಾಕಿ ಯಾರೂ ಯಾರನ್ನೂ ಮುಳುಗಿಸಿದ್ದಿಲ್ಲ.

ಈಗ ಮಾನ್ವಿಯ ಸಂತೆಯಲ್ಲೂ ತುಪ್ಪಳದ ಕುಲಾವಿ ಸಿಗುತ್ತದೆ, ಕರಡಿಯ ಕಿವಿ ಸಮೇತ. ತುಪ್ಪಳ ಯಾವ ಪ್ರಾಣಿಯದೂ ಅಲ್ಲ, ಅಕ್ರಿಲಿಕ್ಕು, ಪಾಲಿಯೆಸ್ಟರು. ಅಂದರೆ ಕಲ್ಲೆಣ್ಣೆಯ ಕೂದಲು. ಹುಸಿ ತುಪ್ಪಳಕ್ಕೂ ಮಾನವಿದೆ ಅನ್ನಿ. 2006ರ ಜನವರಿಯಲ್ಲಿ, ನಮ್ಮ ಕೃಷ್ಣೆಯದೇ ಕೆಳದಂಡೆಯ ಅಮರಾವತಿಯಲ್ಲಿ, ದಲೈಲಾಮಾ ಕಾಡುಪ್ರಾಣಿಗಳ ಚರ್ಮ ತೊಡಬೇಡಿರೆಂದು ತಮ್ಮವರಿಗೆ ಹೇಳಿದರು. ಟಿಬೆಟ್‌ನಲ್ಲಿ ಜನ ಹುಲಿ, ಚಿರತೆ, ನೀರುನಾಯಿಯ ತುಪ್ಪಳಗಳನ್ನು ರಾಶಿ ಹಾಕಿ ಸುಟ್ಟರು. ಚಳಿಗಾಲ ಬಂತೆಂದರೆ ಉಣ್ಣೆ ಅಂಗಿ, ಟೊಪ್ಪಿಗೆ ಹೊತ್ತು ನಮ್ಮ ನಾಡಿನ ಊರೂರಿಗೆ ಬರುವ ಮುಂಡಗೋಡದ ಟಿಬೆಟಿಯನ್ನರು ಆ ಬಳಗದವರೇ.

ಅಜ್ಜಿಯಂದಿರ ತಕರಾರು ಬೇರೆಯೇ. ಸಂಕ್ರಾಂತಿ ದಾಟುತ್ತಲೇ ಬಿಸಿಲು ಏರುತ್ತದೆ, ತುಪ್ಪಳದೊಳಗೆ ಕೂಸಿನ ನೆತ್ತಿ ಬೆವರಿ ಗುಳ್ಳೆ ಏಳುತ್ತವೆ. ಅದಕ್ಕೆ ಅವರು ಕರಡಿಯ ಕಿವಿಗೆ ಕೈ ಹಚ್ಚದೆ, ಒಳಗಿನ ಅಸ್ತರ ಬಿಚ್ಚಿ ಹಳೇ ಧೋತರದ ಅರಿವೆ ಹಚ್ಚಿ ಹೊಲಿಯುತ್ತಾರೆ.